ಪುಟ ತಿರುವುವ ಕೈ

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಹೆಸರನ್ನು ನೀವು ಕೇಳಿರಬಹುದು. 1891ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯಲ್ಲಿ ಸಾವಿರಾರು ಓಲೆಗರಿ ಗ್ರಂಥಗಳಿವೆ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಯ ಕಟ್ಟೊಂದನ್ನು ಅಲ್ಲಿನ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಪರೀಕ್ಷಿಸಿದರು. ಅದು ಬಹುಕಾಲದಿಂದ ವಿದ್ವಾಂಸರ ಕಣ್ಣಿಗೆ ಬೀಳದಿದ್ದ ಕೌಟಿಲ್ಯನ ಅರ್ಥಶಾಸ್ತ್ರವಾಗಿತ್ತು. ಗ್ರಂಥಲಿಪಿಯ ಆ ಬರೆಹವನ್ನು ಅವರು ಸಾವಧಾನವಾಗಿ ಪರಿಶೀಲಿಸಿ, 1909ರಲ್ಲಿ ಅಚ್ಚಿಗೆ ತಂದರು. ಒಂದು ಗರಿಯನ್ನು ಓದುವುದಕ್ಕೆ ಒಂದು ಗಳಿಗೆ ಹಿಡಿಯಲಿ, ಒಂದು ದಿನವೇ ಹಿಡಿಯಲಿ, ಗರಿ ಕಾಯುತ್ತಿತ್ತು. ಓದುಗನ ಬೆರಳು ಸರಿಸಿದ ಹೊರತು ಅದು ಸರಿಯುತ್ತಿರಲಿಲ್ಲ.

ಓಲೆಗರಿ ಹೋಗಿ ಕಾಗದ ಬಂದಿತು. ಕೈಬರೆಹ ಹೋಗಿ ಅಚ್ಚು ಬಂದಿತು. ಆದರೂ ಪುಟವನ್ನು ತಿರುವುವ ಅಧಿಕಾರ ಮಾತ್ರ ಓದುಗನಲ್ಲಿಯೇ ಉಳಿದಿತ್ತು. ಅಂತರಜಾಲದ ಪುಟಗಳು ಬಂದ ಮೇಲೆ ಈ ಅಧಿಕಾರಕ್ಕೆ ಮೊದಲ ಬಾರಿಗೆ ಕುಂದು ಒದಗಿತು.

1989ರಲ್ಲಿ ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿ ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಈ ಜಾಲದ ಯೋಜನೆಯನ್ನು ಮುಂದಿಟ್ಟನು. ಕೆಲವೇ ವರ್ಷಗಳಲ್ಲಿ ಜಾಲಪುಟಗಳನ್ನು ರಚಿಸುವವರ ಕೈಗೆ ಹೊಸದೊಂದು ಉಪಾಯ ದೊರೆಯಿತು. ಪುಟದೊಳಗೆ ಅಡಗಿಸಿಟ್ಟ ಒಂದೇ ಸಾಲಿನ ಆಜ್ಞೆ, "ಇಷ್ಟು ಸೆಕೆಂಡುಗಳಾದ ಮೇಲೆ ಈ ಪುಟವನ್ನು ಮತ್ತೆ ಹೊಸದಾಗಿ ತರಿಸು" ಎಂದು ಬ್ರೌಸರಿಗೆ ತಿಳಿಸುತ್ತದೆ. ಕೂಡಲೇ ಹಳೆಯ ಪುಟ ಅಳಿದು ಹೊಸದು ಮೂಡುತ್ತದೆ. ಇದನ್ನೇ ರಿಫ್ರೆಶ್ ಎನ್ನುವರು. ಇದರಿಂದ ಪ್ರಯೋಜನವಿಲ್ಲವೆಂದಲ್ಲ. ಕ್ರಿಕೆಟ್ ಪಂದ್ಯದ ರನ್ನುಗಳನ್ನೋ ರೈಲು ಬರುವ ವೇಳೆಯನ್ನೋ ನೋಡುತ್ತಿರುವವನಿಗೆ ಇದು ಅನುಕೂಲವೇ ಸರಿ. ಆದರೆ ಎಲ್ಲರೂ ಒಂದೇ ವೇಗದಲ್ಲಿ ಓದುವುದಿಲ್ಲವಷ್ಟೆ.

ಕಣ್ಣು ಕಾಣದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಸಂಜೆ ನಮ್ಮ ಮನೆಗೆ ಬಂದನು. ಒಂದು ಹುದ್ದೆಗೆ ಅರ್ಜಿ ಸಲ್ಲಿಸಲು ಅದೇ ಕೊನೆಯ ದಿನವಾಗಿತ್ತು. ಪರದೆಯ ಮೇಲಿನ ಬರೆಹವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಅವನ ಗಣಕಯಂತ್ರದಲ್ಲಿತ್ತು. ಅದು ಪುಟದ ತಲೆಬರೆಹದಿಂದ ತೊಡಗಿ ಸಾಲುಸಾಲಾಗಿ ಓದುತ್ತ ಬಂದಿತು. ಅರ್ಹತೆಯ ನಿಯಮಗಳು ಇನ್ನೇನು ಬರಬೇಕೆನ್ನುವಷ್ಟರಲ್ಲಿ ಪುಟ ತಾನಾಗಿಯೇ ಹೊಸದಾಯಿತು; ಧ್ವನಿ ಮತ್ತೆ ಮೊದಲ ಸಾಲಿಗೆ ಹೋಯಿತು. ಮೂರು ಬಾರಿಯೂ ಹೀಗೆಯೇ ಆಯಿತು. ಕೊನೆಗೆ ನಾನೇ ಓದಿ ಹೇಳಿದೆನು, ಅರ್ಜಿಯೂ ಹೋಯಿತು. ಹೊರಡುವಾಗ ಅವನು, "ಮೇಷ್ಟ್ರೇ, ನಿಧಾನವಾಗಿ ಓದಬೇಕಲ್ಲಾ ಎಂಬ ಬೇಸರ ನನಗಿಲ್ಲ. ಓದಿ ಮುಗಿಸಲು ಬಿಡುವುದಿಲ್ಲವಲ್ಲ, ಅದೇ ಬೇಸರ" ಎಂದನು. ನನ್ನ ನೆರವಿನಿಂದ ಅವನ ಕೆಲಸ ಆಗಿತ್ತು. ಆದರೆ ತಾನೇ ಓದಬೇಕೆಂಬ ಅವನ ಆಸೆ ಈಡೇರಿರಲಿಲ್ಲ. ಆ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಈ ತೊಂದರೆ ಅಂಧರಿಗೆ ಮಾತ್ರ ಸೀಮಿತವಲ್ಲ. ವೃದ್ಧರು, ಕೈ ನಡುಗುವವರು, ಹೊಸದಾಗಿ ಅಕ್ಷರ ಕಲಿತವರು, ಪರಭಾಷೆಯಲ್ಲಿ ತಡವರಿಸಿ ಓದುವವರು, ಇವರೆಲ್ಲರೂ ಇದನ್ನು ಅನುಭವಿಸುತ್ತಾರೆ. ಉದ್ದನೆಯ ಅರ್ಜಿಯನ್ನು ತುಂಬುತ್ತಿರುವಾಗ ಪುಟ ಹೊಸದಾದರೆ ಬರೆದುದೆಲ್ಲವೂ ಅಳಿದುಹೋಗಬಹುದು. ಮಕ್ಕಳು ಬರೆದುಕೊಳ್ಳುವ ಮೊದಲೇ ಕರಿಹಲಗೆಯನ್ನು ಒರೆಸಿಬಿಡುವ ಉಪಾಧ್ಯಾಯನನ್ನು ನಾವು ಒಳ್ಳೆಯ ಉಪಾಧ್ಯಾಯನೆನ್ನುತ್ತೇವೆಯೇ?

ಈ ದೋಷವನ್ನು ತಿಳಿದವರು ಬಹುಹಿಂದೆಯೇ ಗಮನಿಸಿದರು. ಜಾಲದ ನಿಯಮಗಳನ್ನು ರೂಪಿಸಲೆಂದು 1994ರಲ್ಲಿ ಹುಟ್ಟಿದ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಸಂಸ್ಥೆಯು, ತಡೆಯುವ ಸೌಕರ್ಯ ಬ್ರೌಸರುಗಳಲ್ಲಿ ಬರುವವರೆಗೆ ಇಂತಹ ಪುಟಗಳನ್ನು ರಚಿಸಬಾರದೆಂದು 1999ರಲ್ಲಿಯೇ ಸೂಚಿಸಿತು. 2008ರಲ್ಲಿ ಹೊರಬಂದ ಅದರ ಎರಡನೆಯ ನಿಯಮಾವಳಿ ಇನ್ನೂ ಸ್ಪಷ್ಟವಾಗಿದೆ. ತಾನಾಗಿಯೇ ಬದಲಾಗುವ ಮಾಹಿತಿಯನ್ನು ತಡೆದು ನಿಲ್ಲಿಸಲು, ಮರೆಮಾಡಲು, ಇಲ್ಲವೆ ಎಷ್ಟು ಹೊತ್ತಿಗೊಮ್ಮೆ ಬದಲಾಗಬೇಕೆಂದು ಗೊತ್ತುಪಡಿಸಲು ಬಳಕೆದಾರನಿಗೆ ಅವಕಾಶವಿರಬೇಕು. ಕಾಲಮಿತಿ ಇರುವ ಕಡೆ, ಅದನ್ನು ಮೊದಲೇ ತೆಗೆದುಹಾಕಲು ಅಥವಾ ಬದಲಿಸಿಕೊಳ್ಳಲು ಅನುಕೂಲವಿಲ್ಲದಿದ್ದರೆ, ಅವಧಿ ಮುಗಿಯುವ ಮುನ್ನ ಎಚ್ಚರಿಕೆ ಕೊಟ್ಟು, ಅದನ್ನು ಬೆಳೆಸಿಕೊಳ್ಳಲು ಕನಿಷ್ಠ 20 ಸೆಕೆಂಡುಗಳನ್ನಾದರೂ ಕೊಡಬೇಕು. ಹರಾಜಿನಂತೆ ಕಾಲವೇ ಮುಖ್ಯವಾದ ವ್ಯವಹಾರಗಳಿಗೆ ವಿನಾಯಿತಿಯುಂಟು. ಬದಲಾವಣೆಯನ್ನೇ ನಿಷೇಧಿಸುವುದು ಈ ನಿಯಮಗಳ ಉದ್ದೇಶವಲ್ಲ; ಅದರ ಹತೋಟಿಯನ್ನು ಓದುಗನಿಗೆ ಒಪ್ಪಿಸುವುದೇ ಉದ್ದೇಶ.

ನಮ್ಮ ದೇಶವೂ ಈ ದಿಕ್ಕಿನಲ್ಲಿ ನಡೆದಿದೆ. ಸರ್ಕಾರಿ ಜಾಲತಾಣಗಳಿಗೆ 2009ರಲ್ಲಿ ಮಾರ್ಗಸೂಚಿ ಬಂದಿತು. ವಿಕಲಚೇತನರ ಹಕ್ಕುಗಳ ಕಾಯಿದೆ 2016ರಲ್ಲಿ ಅಂಗೀಕಾರವಾಯಿತು. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು, ಅಂತರಜಾಲದ ಸೇವೆಗಳನ್ನು ಪಡೆಯುವ ಅವಕಾಶವು ಸಂವಿಧಾನದ 21ನೆಯ ವಿಧಿಯಲ್ಲಿನ ಜೀವಿಸುವ ಹಕ್ಕಿನ ಅಂಗವೆಂದು ತೀರ್ಪಿತ್ತಿತು. ಆದರೆ ಕಾಯಿದೆಯ ಮಾತು ಕಾರ್ಯರೂಪಕ್ಕೆ ಬರುವುದು ಪುಟವನ್ನು ರಚಿಸುವವನ ಮನಸ್ಸು ಎಚ್ಚರವಾಗಿದ್ದಾಗ ಮಾತ್ರ.

ಅದಕ್ಕೆ ಹೆಚ್ಚಿನ ಶ್ರಮವೇನೂ ಬೇಕಿಲ್ಲ. "ಹೊಸ ಸುದ್ದಿ ಬಂದಿದೆ, ನೋಡುವಿರಾ?" ಎಂಬ ಒಂದು ಸಾಲು, "ನಿಲ್ಲಿಸು" ಎಂಬ ಒಂದು ಗುಂಡಿ, ಓದುತ್ತಿದ್ದ ಸ್ಥಳವನ್ನು ನೆನಪಿಟ್ಟುಕೊಳ್ಳುವ ಒಂದು ಏರ್ಪಾಡು, ಇಷ್ಟಿದ್ದರೆ ಸಾಕು. ವಿದ್ಯಾರ್ಥಿಗಳೇ, ನಾಳೆ ನಿಮ್ಮಲ್ಲಿ ಕೆಲವರು ಇಂತಹ ಪುಟಗಳನ್ನು ರಚಿಸುವವರಾಗುತ್ತೀರಿ. ಆಗ, ನಿಮಗಿಂತ ನಿಧಾನವಾಗಿ ಓದುವ ಯಾರೋ ಒಬ್ಬರು ಪರದೆಯ ಆಚೆ ಕುಳಿತಿದ್ದಾರೆಂಬುದನ್ನು ಮರೆಯಬೇಡಿರಿ. ಅವರು ಓದಿ ಮುಗಿಸುವವರೆಗೆ, ಆ ಹಳೆಯ ಓಲೆಗರಿಯಂತೆ, ನಿಮ್ಮ ಪುಟವೂ ಕಾಯಲಿ.