ಸಭೆಯಲ್ಲಿ ಹತ್ತು ಜನರನ್ನು ಒಪ್ಪಿಸುವುದು ಹೇಗೆ?



ನಿಮ್ಮ ಊರಿನಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘ ಕಟ್ಟಬೇಕಾದರೆ ನೆರೆಹೊರೆಯವರು ಷೇರು ಹಣ ಕೊಡಬೇಕು. ಬರಿಯ ಭಾಷಣಕ್ಕೆ ಯಾರೂ ಗಂಟು ಬಿಚ್ಚರು. ಈ ಕ್ರಮವನ್ನು ಅನುಸರಿಸಿರಿ.

1. ಕೇಳುವವರ ಕಷ್ಟದಿಂದ ಆರಂಭಿಸಿರಿ. ಈಗ ಹಾಲನ್ನು ಯಾರಿಗೆ ಮಾರುತ್ತಾರೆ, ಅಳತೆ ಸರಿಯಿದೆಯೆ, ಹಣ ಯಾವಾಗ ಕೈಸೇರುತ್ತದೆ ಎಂಬುದನ್ನು ಮೊದಲೇ ಮನೆಮನೆಗೆ ಹೋಗಿ ತಿಳಿದುಕೊಳ್ಳಿರಿ. ಹಾಲು ಕರೆಯುವ ಹೆಣ್ಣುಮಕ್ಕಳನ್ನೂ ಸಭೆಗೆ ಬರಮಾಡಿಕೊಳ್ಳಿರಿ.

2. ಕಣ್ಣಿಗೆ ಕಾಣುವಂತೆ ತೋರಿಸಿರಿ. ಒಂದೇ ಹಸುವಿನ ಹಾಲನ್ನು ಎರಡು ಜಾಡಿಗಳಲ್ಲಿ ಹಾಕಿ, ಒಂದಕ್ಕೆ ನೀರು ಬೆರೆಸಿ, ಎರಡರಲ್ಲಿಯೂ ಲ್ಯಾಕ್ಟೋಮೀಟರು ಬಿಡಿರಿ. ನೀರು ಬೆರೆತ ಹಾಲಿನಲ್ಲಿ ಅದು ಹೆಚ್ಚು ಆಳಕ್ಕೆ ಇಳಿಯುವುದು. ಅದನ್ನು ಓದಿ ಹೇಳುವ ಕೆಲಸವನ್ನು ಸಭಿಕರೊಬ್ಬರಿಗೇ ಕೊಡಿರಿ.

3. ಹಲಗೆಯ ಮೇಲೆ ಒಂದು ಹಸುವಿನ ಒಂದು ತಿಂಗಳ ಲೆಕ್ಕ ಬರೆಯಿರಿ. ಮೇವು, ಹಿಂಡಿಯ ಖರ್ಚನ್ನು ಮುಚ್ಚಿಡಬೇಡಿರಿ. ಜಿಡ್ಡು ಕಡಿಮೆಯಾದರೆ ದರವೂ ಇಳಿಯುವುದೆಂದು ನೀವೇ ಹೇಳಿರಿ. ಇದರಿಂದ ನಂಬಿಕೆ ಹೆಚ್ಚುವುದು.

4. ನಡೆದ ನಿದರ್ಶನ ಕೊಡಿರಿ. 1946ರಲ್ಲಿ, ಇಂದಿನ ಗುಜರಾತಿಗೆ ಸೇರಿದ ಖೇಡಾ ಜಿಲ್ಲೆಯ ರೈತರು ತ್ರಿಭುವನದಾಸ್ ಪಟೇಲರ ಮುಂದಾಳುತನದಲ್ಲಿ ತಮ್ಮದೇ ಹಾಲಿನ ಒಕ್ಕೂಟ ಕಟ್ಟಿದರು. ಅದೇ ಮುಂದೆ ಅಮುಲ್ ಎಂದು ಹೆಸರಾಯಿತು. ಪಕ್ಕದೂರಿನ ಸಂಘದ ಸದಸ್ಯರೊಬ್ಬರನ್ನು ಕರೆತಂದು ಮಾತನಾಡಿಸಿದರೆ ಇನ್ನೂ ಮೇಲು.

5. ಪ್ರಶ್ನೆಗಳಿಗೆ ಸಮಯ ಬಿಡಿರಿ. ತಿಳಿಯದಿದ್ದರೆ "ವಿಚಾರಿಸಿ ಹೇಳುತ್ತೇನೆ" ಎನ್ನಿರಿ. ಕೊನೆಗೆ ಒಂದೇ ಕೋರಿಕೆ ಮುಂದಿಟ್ಟು, ಒಪ್ಪಿದವರ ಹೆಸರನ್ನು ಅಲ್ಲಿಯೇ ಬರೆದುಕೊಳ್ಳಿರಿ.

ಸಂಘ ನಡೆಯುವುದು ನಂಬಿಕೆಯ ಮೇಲೆ. ಸಭೆಯಲ್ಲಿ ಹೇಳಿದ ಲೆಕ್ಕ ಮೊದಲ ಬಟವಾಡೆಯ ದಿನ ತಾಳೆಯಾಗಬೇಕು.