ಅಚೌರ್ಯಾಣುವ್ರತವೂ ಪರರ ಪರಿಶ್ರಮವೂ

ಶ್ರಾವಕನ ಐದು ಅಣುವ್ರತಗಳಲ್ಲಿ ಮೂರನೆಯದು ಅಚೌರ್ಯ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಚೌರ್ಯವೆಂಬ ಲಕ್ಷಣವನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ತಿಳಿಸಿದ್ದಾರೆ. ಹೊಲದ ಬದು, ಅಂಗಡಿಯ ತಕ್ಕಡಿ, ದಾರಿಯಲ್ಲಿ ಬಿದ್ದ ಹಣ ಇವುಗಳ ವಿಷಯದಲ್ಲಿ ಈ ವ್ರತವನ್ನು ಹೇಗೆ ಪಾಲಿಸಬೇಕೆಂಬುದನ್ನು ಹಿರಿಯರು ಬಲ್ಲರು. ಆದರೆ ಇಂದು ಮನೆಯ ಮಕ್ಕಳ ಕೈಗೆ ಬೇರೊಂದು ಬಗೆಯ ವಸ್ತು ಬಂದಿದೆ. ಅದಕ್ಕೆ ತೂಕವಿಲ್ಲ, ಒಬ್ಬನು ತೆಗೆದುಕೊಂಡರೂ ಒಡೆಯನ ಬಳಿ ಕಡಿಮೆಯಾಗುವುದಿಲ್ಲ. ಅಂತಹ ವಸ್ತುವಿನಲ್ಲಿ ವ್ರತಭಂಗವಾಗುವುದು ಹೇಗೆ?

ತುಮಕೂರಿನಿಂದ ಕುಣಿಗಲಿಗೆ ಹೋಗುವ ದಾರಿಯಲ್ಲಿರುವ ಹೆಬ್ಬೂರಿನಂತಹ ಊರಿನಲ್ಲಿಯೂ ಕಂಪ್ಯೂಟರಿನಲ್ಲಿ ಕಾರಿನ ಪಂದ್ಯ ಆಡುವ ಹುಡುಗರಿರುತ್ತಾರೆ. ಇಟಲಿಯ ಕುನೋಸ್ ಸಂಸ್ಥೆ 2014ರಲ್ಲಿ ಪೂರ್ಣರೂಪದಲ್ಲಿ ಹೊರತಂದ ‘ಅಸೆಟ್ಟೊ ಕೋರ್ಸಾ’ದಂತಹ ಆಟಗಳಿಗೆ ಹೊಸ ಕಾರುಗಳನ್ನೂ ಹೊಸ ಓಟದ ದಾರಿಗಳನ್ನೂ ಆಡುವವರೇ ರಚಿಸಿ ಸೇರಿಸುತ್ತಾರೆ. ಇದಕ್ಕೆ ‘ಮಾಡ್’ ಎಂದು ಹೆಸರು. ಒಂದು ಕಾರು ಸಿದ್ಧವಾಗಬೇಕಾದರೆ ಅದರ ಆಕಾರವನ್ನು ಒಬ್ಬನು ಕಡೆದಂತೆ ಕಟ್ಟಬೇಕು. ಇಂಜಿನಿನ ಸದ್ದನ್ನು ಇನ್ನೊಬ್ಬನು ಹೊಂದಿಸಬೇಕು. ಗಾಡಿಯ ತೂಕ, ಟೈರಿನ ಹಿಡಿತಗಳನ್ನು ಮತ್ತೊಬ್ಬನು ಅಂಕಿಗಳಲ್ಲಿ ಬರೆಯಬೇಕು. ತಿಂಗಳುಗಟ್ಟಲೆ ನಡೆಯುವ ಈ ಕೆಲಸವನ್ನು ಬಹುಮಂದಿ ಹಣ ಪಡೆಯದೆ ಮಾಡಿ ಹಂಚುತ್ತಾರೆ. ಅದರ ಜೊತೆಗೆ ಯಾರು ಯಾವ ಭಾಗವನ್ನು ಮಾಡಿದರೆಂಬ ಟಿಪ್ಪಣಿಯಿರುತ್ತದೆ. ಆ ಕೃತಿಯನ್ನು ಬದಲಿಸಿ ಮತ್ತೆ ಹಂಚಬೇಕೆನ್ನುವವನು ಮೊದಲು ಅವರ ಅನುಮತಿ ಕೇಳಬೇಕೆಂಬುದು ಅವರಲ್ಲಿ ಬೆಳೆದುಬಂದ ಸಂಪ್ರದಾಯ.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ದಶಲಕ್ಷಣ ಪರ್ವದಲ್ಲಿ ಏಕಭುಕ್ತ ಹಿಡಿದಿರುವ ಬಾಲಕನೊಬ್ಬನು, ಅಪರಿಚಿತನೊಬ್ಬನು ರಚಿಸಿದ ಕಾರಿನ ಬಣ್ಣವನ್ನಷ್ಟೇ ಬದಲಿಸಿ, ಟಿಪ್ಪಣಿಯನ್ನು ಅಳಿಸಿ, ತನ್ನ ಹೆಸರಿನಲ್ಲಿ ಹಂಚುತ್ತಾನೆ. ಎಲ್ಲರೂ ಹೊಗಳುತ್ತಾರೆ. ಮಗನ ವ್ರತನಿಷ್ಠೆಯನ್ನು ಕಂಡು ತಾಯಿಯೂ ಸಂತೋಷಪಡುತ್ತಾಳೆ. ಕೇಳಿದವರಿಗೆ ಅವನ ಉತ್ತರ ಇಷ್ಟೆ: “ಅದು ನನಗೆ ಪುಕ್ಕಟೆಯಾಗಿ ಸಿಕ್ಕಿತು, ನಾನೂ ಪುಕ್ಕಟೆಯಾಗಿ ಕೊಟ್ಟೆ. ಯಾರಿಗೆ ನಷ್ಟ?”

ಈ ಉತ್ತರದಲ್ಲಿಯೇ ದೋಷವಿದೆ. ರಚಿಸಿದವನು ಬಳಕೆಯನ್ನು ಕೊಟ್ಟಿದ್ದಾನೆ, ಕರ್ತೃತ್ವವನ್ನು ಕೊಟ್ಟಿಲ್ಲ. ಬಸದಿಯೊಳಗೆ ಯಾರು ಬೇಕಾದರೂ ಕುಳಿತು ಜಪ ಮಾಡಬಹುದು. ಆದರೆ ಅದರ ಶಿಲಾಶಾಸನದಲ್ಲಿ ದಾನಿಯ ಹೆಸರನ್ನು ಉಜ್ಜಿ ತನ್ನ ಹೆಸರನ್ನು ಕೆತ್ತಿಸುವ ಹಕ್ಕು ಯಾರಿಗೂ ಇಲ್ಲ. ಕೊಡದೆ ಇದ್ದ ಹೆಸರನ್ನು ತೆಗೆದುಕೊಂಡುದರಿಂದ ಅದು ಅದತ್ತಾದಾನವೇ ಆಯಿತು.

ಈ ವ್ರತದ ಐದು ಅತಿಚಾರಗಳನ್ನು ಇಲ್ಲಿ ಕ್ರಮವಾಗಿ ಅನ್ವಯಿಸಿ ನೋಡಬೇಕು.

1. ಸ್ತೇನಪ್ರಯೋಗ: “ಅವನದನ್ನು ತೆಗೆದು ಹಾಕು, ಯಾರಿಗೆ ಗೊತ್ತಾಗುತ್ತದೆ” ಎಂದು ಗೆಳೆಯನನ್ನು ಪ್ರೇರೇಪಿಸುವುದು.

2. ತದಾಹೃತಾದಾನ: ಕದ್ದ ಕೃತಿಯೆಂದು ತಿಳಿದೂ ಅದನ್ನು ಪಡೆಯುವುದು.

3. ವಿರುದ್ಧರಾಜ್ಯಾತಿಕ್ರಮ: ಕಾನೂನನ್ನೂ, ಕೃತಿಯೊಡನೆ ಬಂದ ಲೈಸೆನ್ಸಿನ ನಿಬಂಧನೆಗಳನ್ನೂ ಮೀರುವುದು.

4. ಹೀನಾಧಿಕಮಾನೋನ್ಮಾನ: ತಕ್ಕಡಿಯ ಮೋಸ. ಬಣ್ಣ ಬಳಿದವನು ಗಾಡಿಯನ್ನೇ ಕಟ್ಟಿದೆನೆನ್ನುವುದು ತನ್ನ ಪಾಲನ್ನು ಹೆಚ್ಚು ತೂಗಿದಂತೆ. ಜೊತೆಗಾರನ ಹೆಸರನ್ನು ಬಿಡುವುದು ಪರರ ಪಾಲನ್ನು ಕಡಿಮೆ ತೂಗಿದಂತೆ.

5. ಪ್ರತಿರೂಪಕವ್ಯವಹಾರ: ನಕಲನ್ನು ಅಸಲೆಂದು ತೋರಿಸುವುದು.

ಪರರ ಕೃತಿಯನ್ನು ಮುಂದುವರಿಸುವುದೇ ತಪ್ಪೆಂದು ಇದರಿಂದ ತಿಳಿಯಬಾರದು. ಜೈನ ವಾಙ್ಮಯವು ಬೆಳೆದುದೇ ಹಾಗೆ. ವೀರಸೇನಾಚಾರ್ಯರು ಜಯಧವಳಾ ಟೀಕೆಯ ಇಪ್ಪತ್ತು ಸಾವಿರ ಶ್ಲೋಕಪ್ರಮಾಣವನ್ನು ರಚಿಸಿದರು, ಶಿಷ್ಯರಾದ ಜಿನಸೇನಾಚಾರ್ಯರು ನಲವತ್ತು ಸಾವಿರ ಶ್ಲೋಕಪ್ರಮಾಣವನ್ನು ಸೇರಿಸಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಶಕ 759ರಲ್ಲಿ (ಕ್ರಿ.ಶ. 837) ಪೂರ್ಣಗೊಳಿಸಿದರು. ಅದೇ ಜಿನಸೇನರು ಆದಿಪುರಾಣದ ನಲವತ್ತೆರಡು ಪರ್ವಗಳನ್ನೂ ನಲವತ್ಮೂರನೆಯದರ ಮೂರು ಶ್ಲೋಕಗಳನ್ನೂ ರಚಿಸಿ ನಿಲ್ಲಿಸಿದ ಬಳಿಕ ಉಳಿದುದನ್ನು ಗುಣಭದ್ರಾಚಾರ್ಯರು ಮುಗಿಸಿದರು. ಗುರುವಿನ ಲೇಖನಿ ಎಲ್ಲಿ ನಿಂತಿತು, ಶಿಷ್ಯನದು ಎಲ್ಲಿ ತೊಡಗಿತು ಎಂಬುದು ಸಾವಿರ ವರ್ಷಗಳ ಮೇಲೂ ಶ್ಲೋಕದ ಲೆಕ್ಕದಲ್ಲಿ ಉಳಿದಿದೆ. ಇದರಿಂದ ಶಿಷ್ಯರ ಕೀರ್ತಿ ಕುಂದಲಿಲ್ಲ.

ಹಂಚುವುದರಲ್ಲಿ ಅತ್ತಿಮಬ್ಬೆ ಆದರ್ಶಳು. ಹತ್ತನೆಯ ಶತಮಾನದಲ್ಲಿ ಆ ಶ್ರಾವಿಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನ ಮಾಡಿದಳು. ದಾನ ಅವಳದು, ಕಾವ್ಯ ಮಾತ್ರ ಪೊನ್ನನದಾಗಿಯೇ ಉಳಿಯಿತು.

ಓಟದ ಆಟಗಳಲ್ಲಿಯೂ ಇಂತಹ ಸನ್ಮಾರ್ಗವಿದೆ. ಎರಿಕ್ ಎಸ್ಪಿಯೆ ಮತ್ತು ಕ್ರಿಸ್ತೋಫ್ ಗಿಯೊನೋ 1997ರಲ್ಲಿ ಆರಂಭಿಸಿದ ‘ಟಾರ್ಕ್ಸ್’ ಎಂಬ ಆಟವನ್ನು ನಕಲು ಮಾಡಲು, ಬದಲಿಸಲು, ಮತ್ತೆ ಹಂಚಲು ಅದರ ಲೈಸೆನ್ಸೇ ಅನುಮತಿ ಕೊಡುತ್ತದೆ. ಆದರೆ ಮೂಲಕರ್ತೃಗಳ ಹಕ್ಕುಸೂಚನೆಯನ್ನು ಅಳಿಸುವಂತಿಲ್ಲ. ಪಡೆದ ಸ್ವಾತಂತ್ರ್ಯವನ್ನು ಮುಂದಿನವರಿಗೂ ಕೊಡಬೇಕು. 2008ರ ಸುಮಾರಿಗೆ ಬೇರೊಂದು ತಂಡವು ಅದರಿಂದ ಕವಲೊಡೆದು ‘ಸ್ಪೀಡ್ ಡ್ರೀಮ್ಸ್’ ಎಂಬ ಆಟವನ್ನು ಬೆಳೆಸಿದಾಗ ಅದು ಚೌರ್ಯವಾಗಲಿಲ್ಲ. ಏಕೆಂದರೆ ಅದು ದತ್ತವಾದದ್ದು.

ಎಲ್ಲರೂ ಹೀಗೆ ಮುಂಚಿತವಾಗಿ ಅನುಮತಿ ಕೊಟ್ಟಿರುವುದಿಲ್ಲ. ಕೇಳಿದಾಗ ಒಡೆಯನು ಬೇಡವೆಂದರೆ ಅಲ್ಲಿಗೆ ನಿಲ್ಲಬೇಕು. ಉತ್ತರವೇ ಬಾರದಿದ್ದರೆ ಮೌನವನ್ನು ಸಮ್ಮತಿಯೆಂದು ತಿಳಿಯದೆ, ಮೂಲ ಕೃತಿ ದೊರೆಯುವ ಸ್ಥಳವನ್ನು ತೋರಿಸುವುದೇ ಲೇಸು. ಹೆಸರು ಹೇಳಿದ ಮಾತ್ರಕ್ಕೆ ಅನುಮತಿ ದೊರೆತಂತಾಗುವುದಿಲ್ಲ. ಅನುಮತಿ ದೊರೆತ ಮಾತ್ರಕ್ಕೆ ಹೆಸರನ್ನು ಬಿಡುವಂತೆಯೂ ಇಲ್ಲ.

ಆ ಬಾಲಕನಿಗೆ ದಾರಿ ಮುಚ್ಚಿಲ್ಲ. ಅವನನ್ನು ಬೈದು ಕಂಪ್ಯೂಟರನ್ನು ಕಸಿದುಕೊಂಡರೆ ಅವನು ಬಚ್ಚಿಡುವುದನ್ನು ಕಲಿಯುವನೇ ಹೊರತು ಅಚೌರ್ಯವನ್ನಲ್ಲ. ಹಂಚಿದುದನ್ನು ಹಿಂತೆಗೆದು, ಒಡೆಯನಿಗೆ ಬರೆದು ಕ್ಷಮೆ ಕೇಳಿ, ಹೊಗಳಿದವರ ಮುಂದೆಯೇ ನಿಜವನ್ನು ಹೇಳುವಂತೆ ತಂದೆತಾಯಿಗಳು ಅವನ ಜೊತೆಯಲ್ಲಿ ಕುಳಿತು ಮಾಡಿಸಬೇಕು. ಒಂದು ಹೊತ್ತಿನ ಊಟ ಬಿಡುವುದಕ್ಕಿಂತ ಬಂದ ಹೊಗಳಿಕೆಯನ್ನು ಬಿಡುವುದು ಕಷ್ಟ. ಆದರೆ ಅದನ್ನು ಬಿಟ್ಟ ದಿನವೇ ಅವನ ಏಕಭುಕ್ತವು ಸಾರ್ಥಕವಾಗುವುದು.

ಮನನಕ್ಕೆ ಪ್ರಶ್ನೆಗಳು

1. ಬಳಕೆಯನ್ನು ಕೊಡುವುದಕ್ಕೂ ಕರ್ತೃತ್ವವನ್ನು ಕೊಡುವುದಕ್ಕೂ ಇರುವ ಭೇದವೇನು?

2. ಜೊತೆಗಾರನ ಹೆಸರನ್ನು ಬಿಡುವುದು ಯಾವ ಅತಿಚಾರ?

3. ನಮ್ಮ ಮನೆಯಲ್ಲಿ ಪರರ ಯಾವ ಪರಿಶ್ರಮವು ಹೆಸರಿಲ್ಲದೆ ಬಳಕೆಯಾಗುತ್ತಿದೆ?