ಗ್ಯಾಸ್, ತೈಲದ ಲೈನಿಗೆ ಕಾರ್ಬನ್ ಸ್ಟೀಲ್ ಪೈಪು: ಮಾಡಬೇಕಾದ್ದು, ಮಾಡಬಾರದ್ದು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ಗ್ಯಾಸ್ ಅಥವಾ ತೈಲದ ಕೆಲಸ ಹಿಡಿದ ಗುತ್ತಿಗೆದಾರರು, ಸೈಟ್ ಎಂಜಿನಿಯರುಗಳು, ಸ್ಟೋರ್ಸ್ ನೋಡಿಕೊಳ್ಳುವವರು ಪೈಪಿಗೆ ಆರ್ಡರ್ ಕೊಡುವ ಮುಂಚೆ ಇದನ್ನು ಓದಬೇಕು. ದಾಭೋಳ–ಬೆಂಗಳೂರು ಅನಿಲ ಕೊಳವೆ ಮಾರ್ಗ ನಮ್ಮ ಬೆಳಗಾವಿ ಜಿಲ್ಲೆ ಹಾದೇ ಹೋಗಿದೆ. ದೊಡ್ಡ ಲೈನಿಗಿರುವ ಶಿಸ್ತು ಸಣ್ಣ ಕವಲಿಗೂ ಬೇಕು.

2014ರ ಜೂನ್ 27ರಂದು ಆಂಧ್ರದ ಆಗಿನ ಪೂರ್ವ ಗೋದಾವರಿ ಜಿಲ್ಲೆಯ ನಗರಂನಲ್ಲಿ ಅನಿಲ ಕೊಳವೆ ಸಿಡಿದು 20ಕ್ಕೂ ಹೆಚ್ಚು ಜನ ಸತ್ತರು. ಒಣ ಅನಿಲಕ್ಕೆಂದು ಹಾಕಿದ ಉಕ್ಕಿನ ಪೈಪಿನಲ್ಲಿ ನೀರಿನಂಶದ ಅನಿಲ ಹರಿದಿತ್ತು. ತುಕ್ಕು ಪೈಪನ್ನು ಒಳಗಿನಿಂದ ತಿಂದಿತ್ತು.

ಮಾಡಬೇಕಾದ್ದು

1. ಪೈಪಿನಲ್ಲಿ ಏನು ಹರಿಯುತ್ತದೆ, ಅದರಲ್ಲಿ ನೀರು, ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಎಷ್ಟಿದೆ ಎಂಬುದನ್ನು ಮೊದಲು ಬರೆದಿಡಿ.
2. ಗರಿಷ್ಠ ಒತ್ತಡ, ಗರಿಷ್ಠ ಉಷ್ಣಾಂಶ, ಕನಿಷ್ಠ ಉಷ್ಣಾಂಶ ಮೂರನ್ನೂ ಆರ್ಡರಿನಲ್ಲಿ ನಮೂದಿಸಿ.
3. ಕೆಲಸಕ್ಕೆ ತಕ್ಕ ಕೋಡ್ ಗೊತ್ತು ಮಾಡಿ: ಗ್ಯಾಸ್ ಸಾಗಣೆಗೆ ಎಎಸ್‌ಎಂಇ ಬಿ31.8, ತೈಲ ಸಾಗಣೆಗೆ ಬಿ31.4, ಪ್ಲಾಂಟಿನ ಒಳಗಿನ ಪೈಪಿಗೆ ಬಿ31.3.
4. ಅಧಿಕ ಒತ್ತಡದ ಗ್ಯಾಸ್ ಲೈನಿಗೆ ಎಪಿಐ 5ಎಲ್, ಪಿಎಸ್‌ಎಲ್ 2 ಪೈಪನ್ನೇ ಕೇಳಿ. ಆಘಾತ ತಾಳುವ ಪರೀಕ್ಷೆ, ಬೆಸುಗೆಗೆ ಬೇಕಾದ ಕಾರ್ಬನ್ ಮಿತಿ ಎರಡೂ ಅದರಲ್ಲಿ ಬಿಗಿ.
5. ಪ್ಲಾಂಟಿನ ಬಿಸಿ ಲೈನಿಗೆ ಎಎಸ್‌ಟಿಎಂ ಎ106 ಗ್ರೇಡ್ ಬಿ ಸೀಮ್‌ಲೆಸ್ ಪೈಪು ಹಾಕಿ.
6. ಒತ್ತಡ ಇಳಿಸುವ ಸ್ಟೇಷನ್ನಿನಲ್ಲಿ ತಂಪಿನ ಲೆಕ್ಕ ಹಾಕಿ. ಪ್ರತಿ ಬಾರ್ ಇಳಿತಕ್ಕೆ ನೈಸರ್ಗಿಕ ಅನಿಲ ಸುಮಾರು ಅರ್ಧ ಡಿಗ್ರಿ ತಣ್ಣಗಾಗುತ್ತದೆ.
7. ತೀರ ತಣ್ಣಗಾಗುವ ಕಡೆ ಮೈನಸ್ 45 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುವ ಎ333 ಗ್ರೇಡ್ 6 ಹಾಕಿ.
8. ಗ್ಯಾಸ್ ಲೈನಿನ ಆಸುಪಾಸಿನ ಮನೆಗಳನ್ನು ಎಣಿಸಿ ಡಿಸೈನ್ ಫ್ಯಾಕ್ಟರ್ ಹಿಡಿಯಿರಿ. ಬಯಲು ಹೊಲದಲ್ಲಿ 0.72 ಇರುವುದು ಬಹುಮಹಡಿ ಕಟ್ಟಡಗಳ ನಡುವೆ 0.40ಕ್ಕೆ ಇಳಿಯುತ್ತದೆ.
9. ಎರಿ ಹೊಲದಲ್ಲಿ ಮಣ್ಣಿನ ವಿದ್ಯುತ್ ನಿರೋಧ ಅಳೆಯಿಸಿ, ಮೂರು ಪದರದ ಪಾಲಿಎಥಿಲೀನ್ ಕೋಟಿಂಗಿನ ಜೊತೆಗೆ ಕ್ಯಾಥೋಡಿಕ್ ರಕ್ಷಣೆ ಕೊಡಿ.
10. ಸವದತ್ತಿಯ ಕಲ್ಲು ನೆಲದಲ್ಲಿ ಪೈಪಿನ ಕೆಳಗೂ ಮೇಲೂ ಮೆತ್ತನೆಯ ಮಣ್ಣು ಹಾಸಿ.
11. ಮಲಪ್ರಭೆ ದಾಟುವ ಕಡೆ 2019ರ ಆಗಸ್ಟ್‌ನಲ್ಲಿ ರಾಮದುರ್ಗಕ್ಕೆ ಬಂದ ಹೊಳೆಯನ್ನು ಲೆಕ್ಕಕ್ಕೆ ಹಿಡಿದು ಪೈಪಿನ ದಪ್ಪ, ತೂಕ, ಆಳ ಗೊತ್ತು ಮಾಡಿ.
12. ಪೈಪಿನ ಮೇಲಿನ ಹೀಟ್ ನಂಬರನ್ನು ಮಿಲ್ ಟೆಸ್ಟ್ ಸರ್ಟಿಫಿಕೇಟಿನ ನಂಬರಿನೊಂದಿಗೆ ತಾಳೆ ನೋಡಿ, ಆಮೇಲೆ ಲಾರಿ ಇಳಿಸಿಕೊಳ್ಳಿ.

ಮಾಡಬಾರದ್ದು

1. ನೀರಾವರಿಗೆ ತಂದ ಪೈಪು ಉಳಿದಿದೆ ಎಂದು ಅಧಿಕ ಒತ್ತಡದ ಗ್ಯಾಸ್ ಲೈನಿಗೆ ಹಾಕಬೇಡಿ. ಒಂದು ತುಂಡೂ ಬೇಡ.
2. ಸರ್ಟಿಫಿಕೇಟ್ ಇಲ್ಲದ ಪೈಪು ಬೇಡ.
3. ಗುಜರಿಯಿಂದ ಬಂದು ಬಣ್ಣ ಬಳಿಸಿಕೊಂಡ ಪೈಪು ಬೇಡ.
4. "ಎಂ.ಎಸ್. ಪೈಪು, ಆರು ಇಂಚು" ಎಂದಷ್ಟೇ ಬರೆದು ಆರ್ಡರ್ ಕೊಡಬಾರದು.
5. ಪಿಎಸ್‌ಎಲ್ 2 ಬೇಕಾದಲ್ಲಿ ರೇಟು ಕಡಿಮೆ ಎಂದು ಪಿಎಸ್‌ಎಲ್ 1 ಒಪ್ಪಬಾರದು.
6. ಎಕ್ಸ್52ರ ಬದಲು ಎಕ್ಸ್70 ಬಂದರೆ ಇನ್ನೂ ಗಟ್ಟಿ ಎಂದು ಸುಮ್ಮನಾಗಬಾರದು. ಬೆಸುಗೆಯ ವಿಧಾನವನ್ನು ಹೊಸದಾಗಿ ಪರೀಕ್ಷಿಸದೆ ಒಂದು ಜಾಯಿಂಟೂ ಮಾಡಬಾರದು.
7. ಹೈಡ್ರೋಜನ್ ಸಲ್ಫೈಡಿನ ಭಾಗಶಃ ಒತ್ತಡ 0.3 ಕಿಲೋಪ್ಯಾಸ್ಕಲ್ ಮುಟ್ಟಿದರೆ ಐಎಸ್‌ಒ 15156ಕ್ಕೆ ಹೊಂದದ ಪೈಪು ಬಳಸಬಾರದು.
8. ಪ್ಲಾಂಟಿನ ಸೀಮ್‌ಲೆಸ್ ಪೈಪಿಗೆ ಪಟ್ಟಿಯಲ್ಲಿರುವ ದಪ್ಪವನ್ನೇ ನಂಬಿ ಲೆಕ್ಕ ಮುಗಿಸಬಾರದು, ಶೇ. 12.5ರಷ್ಟು ತೆಳುವಾಗಿ ಬಂದರೂ ಎ106 ಅದನ್ನು ಒಪ್ಪುತ್ತದೆ.
9. ತುಕ್ಕಿಗೆಂದು ಬಿಟ್ಟ ದಪ್ಪವನ್ನು ಹಣ ಉಳಿಸಲು ಕಡಿತ ಮಾಡಬಾರದು.
10. ಒಣ ಅನಿಲಕ್ಕೆ ಆಯ್ದ ಲೈನಿನಲ್ಲಿ ತೇವದ ಅನಿಲ ಬಿಡಬಾರದು.
11. ಕೋಟಿಂಗ್ ಕಿತ್ತ ಪೈಪನ್ನು ದುರಸ್ತಿ ಮಾಡದೆ, ಹಾಲಿಡೇ ಪರೀಕ್ಷೆ ಮಾಡದೆ ಹೂಳಬಾರದು.
12. ಡಿಸೈನ್ ಎಂಜಿನಿಯರರ ಲಿಖಿತ ಒಪ್ಪಿಗೆ ಇಲ್ಲದೆ ಗ್ರೇಡ್, ದಪ್ಪ, ತಯಾರಿಕೆಯ ಬಗೆ ಬದಲಿಸಬಾರದು. ಫೋನಿನ ಒಪ್ಪಿಗೆ ಬೇಡ.

ಲೈನಿನ ಪಕ್ಕದಲ್ಲೇ ಹೊಲ ಉಳುವವರು ಈ ಪೈಪನ್ನು ಆರಿಸಿದವರಲ್ಲ, ಅದರ ಸರ್ಟಿಫಿಕೇಟ್ ನೋಡಿದವರೂ ಅಲ್ಲ. ಅವರ ಪರವಾಗಿ ನೋಡಬೇಕಾದವರು ನೀವು. ಅನುಮಾನವಿದ್ದರೆ ಲಾರಿಯನ್ನು ವಾಪಸು ಕಳಿಸಿ.